ಕರೆಂಟ್ ಹೋಗಿ ಬಂದಮೇಲೆ ಮಿಂಟ್‌ನಲ್ಲಿ ಒಂದು ಸೈಟೂ ತೆರೆಯಲ್ಲ, ಅಪ್‌ಡೇಟೂ ಆಗಲ್ಲ

ತೋಟದಮನೆ (ಮೂಡಿಗೆರೆ)
ಎಲ್ಲರಿಗೂ ನಮಸ್ಕಾರ. ಹಳೇ ಡೆಸ್ಕ್‌ಟಾಪು, ವಿಂಡೋಸ್ ಬದಲು ಲಿನಕ್ಸ್ ಮಿಂಟ್ 21 (ಸಿನಮನ್ ಆವೃತ್ತಿ). ಆಳುಗಳ ಹಾಜರಿ, ಬಟವಾಡೆ, ಮಳೆ ಲೆಕ್ಕ ಎಲ್ಲ ಇದರಲ್ಲೇ ಇದೆ. ನಮ್ಮ ಕಡೆ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತೆ, ಆಮೇಲೆ ಎರಡು ಮೂರು ದಿನ ಕರೆಂಟಿನ ಸುದ್ದಿಯೇ ಇಲ್ಲ. ಬಂದಮೇಲೆ ಸಿಸ್ಟಮ್ ಆನ್ ಆಗುತ್ತೆ, ವೈಫೈ ಕೂಡ ಹತ್ತುತ್ತೆ. ಆದರೆ ಫೈರ್‌ಫಾಕ್ಸ್‌ನಲ್ಲಿ ಯಾವ ಸೈಟ್ ಹಾಕಿದರೂ ಸುರಕ್ಷತೆಯ ಎಚ್ಚರಿಕೆ ಬಂದು ನಿಲ್ಲುತ್ತೆ. ಅಪ್‌ಡೇಟ್ ಮ್ಯಾನೇಜರ್ ಬೇರೆಯೇ ರಾಗ: ರಿಲೀಸ್ ಫೈಲ್ (ಅಪ್‌ಡೇಟ್ ಸರ್ವರಿನ ಪಟ್ಟಿ) ಇನ್ನೂ ಚಾಲ್ತಿಗೆ ಬಂದಿಲ್ಲ, ಎಂಟುನೂರು ಚಿಲ್ಲರೆ ದಿನ ಬಾಕಿ ಇದೆ ಅನ್ನುತ್ತೆ. ಅದೇ ವೈಫೈನಲ್ಲಿ ಫೋನ್ ಆರಾಮಾಗಿ ನಡೀತಿದೆ. ರಿಪೇರಿಯವರು ವೈರಸ್ ಅಂದರು, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ತೀನಿ ಅಂದರು. ಬೇಡ ಅಂತ ಎತ್ತಿಕೊಂಡು ಬಂದೆ. ಏನು ಮಾಡಲಿ?

ಕಾಫಿಪುಡಿ (ಚಿಕ್ಕಮಗಳೂರು)
ಎಚ್ಚರಿಕೆ ಪುಟದಲ್ಲಿ 'ಅಡ್ವಾನ್ಸ್ಡ್' ಒತ್ತಿ, ಅಪಾಯ ಒಪ್ಪಿಕೊಂಡು ಮುಂದುವರಿಯಿರಿ ಸರ್. ನಾನು ಹಾಗೇ ಮಾಡೋದು.

ತೆಂಗಿನಕಾಯಿ (ಅರಸೀಕೆರೆ)
ಸರ್, ದಯವಿಟ್ಟು ಅದನ್ನು ಮಾಡಬೇಡಿ. ಒಂದು ಸಲ ರೂಢಿಯಾದರೆ ನಿಜವಾಗಿಯೂ ಯಾರಾದರೂ ನಡುವೆ ಕೂತು ಕದ್ದು ನೋಡ್ತಿರುವಾಗಲೂ ಕೈ ತಾನಾಗಿ ಅಲ್ಲಿಗೇ ಹೋಗುತ್ತೆ. ಬ್ಯಾಂಕಿನಂಥ ಎಷ್ಟೋ ಸೈಟುಗಳಿಗೆ ಆ ಬಟನ್ನೇ ಬರಲ್ಲ, ಒಳ್ಳೇದೇ ಆಯ್ತು.

ನಿಮ್ಮ ಎರಡು ದೂರಿಗೂ ಕಾರಣ ಒಂದೇ ಅನ್ನಿಸುತ್ತೆ. ಕೆಳಗಿನ ಪ್ಯಾನೆಲ್‌ನಲ್ಲಿ ತಾರೀಖು ಎಷ್ಟು ತೋರಿಸ್ತಿದೆ? ಗಂಟೆ ಅಲ್ಲ, ಇಸವಿ ನೋಡಿ. ಎಚ್ಚರಿಕೆ ಪುಟವನ್ನೂ ಪೂರ್ತಿ ಓದಿ, ಗಡಿಯಾರದ ಮಾತು ಅಲ್ಲೇ ಎಲ್ಲೋ ಇರುತ್ತೆ.

ಬೇಲೂರಿನವ
ವಿಂಡೋಸ್ ಜೊತೆ ಡ್ಯುಯಲ್ ಬೂಟ್ (ಒಂದೇ ಪೆಟ್ಟಿಗೆಯಲ್ಲಿ ಎರಡೂ) ಇದ್ದರೆ ಐದೂವರೆ ಗಂಟೆ ವ್ಯತ್ಯಾಸ ಬರುತ್ತೆ. ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ನಮ್ಮ ಸಮಯ ಇಡುತ್ತೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಇಡುತ್ತೆ. ಆದರೆ ಎಂಟುನೂರು ದಿನ ಅಂದರೆ ಅದಲ್ಲ ಬಿಡಿ.

ತೋಟದಮನೆ
ವಿಂಡೋಸ್ ಇಲ್ಲವೇ ಇಲ್ಲ. ಮೇಡಂ ಹೇಳಿದ್ದು ಸರಿ, ಗಡಿಯಾರ ತಪ್ಪಿದೆ ಅಂತ ಫೈರ್‌ಫಾಕ್ಸೇ ಬರೆದಿದೆ. ಪ್ಯಾನೆಲ್‌ನಲ್ಲಿ 2023. ಇನ್ನೊಂದು ವಿಚಿತ್ರ: ಬಯೋಸ್‌ಗೆ (ಮಿಂಟ್ ಏಳುವ ಮೊದಲು ಬರುವ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಹೋಗಿ ನೋಡಿದರೆ ಅಲ್ಲಿ 2012ರ ಜನವರಿ 1. ಒಂದೇ ಪೆಟ್ಟಿಗೆಯಲ್ಲಿ ಎರಡು ಇಸವಿ ಹೇಗೆ?

ತೆಂಗಿನಕಾಯಿ
ಅಲ್ಲೇ ಸಿಕ್ಕಿತು ನೋಡಿ. ಕರೆಂಟ್ ಇಲ್ಲದಾಗ ಮದರ್‌ಬೋರ್ಡ್ ಗಡಿಯಾರವನ್ನು ನಡೆಸೋದು ನಾಣ್ಯದಂಥ ಒಂದು ಸೆಲ್. ಅದು ಸತ್ತಿದೆ. ಹಾಗಾಗಿ ಬಯೋಸ್ ತನ್ನ ಹುಟ್ಟುತಾರೀಖಿಗೆ ಹೋಗಿ ಕೂರುತ್ತೆ, ನಿಮ್ಮದಕ್ಕೆ 2012.

ಇನ್ನು 2023. ಮಿಂಟ್ ಬೂಟ್ ಆಗುವಾಗ ಮೊದಲು ಏಳುವ ಸಿಸ್ಟಮ್‌ಡಿ ಅನ್ನೋ ಪ್ರೋಗ್ರಾಮ್ ಒಂದು ಲೆಕ್ಕ ಹಾಕುತ್ತೆ: ನಾನು ತಯಾರಾದ ದಿನಕ್ಕಿಂತ ಹಿಂದಿನ ಸಮಯ ನಿಜವಾಗಿರೋಕೆ ಸಾಧ್ಯವೇ ಇಲ್ಲ. ಆದ್ದರಿಂದ ಗಡಿಯಾರವನ್ನು ಆ ದಿನದವರೆಗೆ ಮುಂದಕ್ಕೆ ತಳ್ಳುತ್ತೆ. ನೀವು ನೋಡ್ತಿರುವ 2023, ನಿಮ್ಮ ಸಿಸ್ಟಮ್‌ಡಿ ಪ್ಯಾಕೇಜು ತಯಾರಾದ ಕಾಲ.

ಸೈಟುಗಳ ಗುರುತಿನ ಚೀಟಿಯಾದ ಸರ್ಟಿಫಿಕೇಟಿಗೆ ಶುರುವಿನ ತಾರೀಖು, ಮುಗಿಯುವ ತಾರೀಖು ಎರಡೂ ಇರುತ್ತೆ. 2023 ಅಂದುಕೊಂಡಿರುವ ಫೈರ್‌ಫಾಕ್ಸಿಗೆ ಈಗಿನ ಸರ್ಟಿಫಿಕೇಟೆಲ್ಲ ನಾಳೆ ಹುಟ್ಟುವ ಮಗುವಿನ ಆಧಾರ್ ಕಾರ್ಡ್ ಇದ್ದಹಾಗೆ, ನಂಬಲ್ಲ. ಅಪ್‌ಡೇಟ್ ಸರ್ವರ್ ಮಾಮೂಲಾಗಿ ಎಚ್‌ಟಿಟಿಪಿಎಸ್ ಅಲ್ಲದೆ ಬರೀ ಎಚ್‌ಟಿಟಿಪಿಯಲ್ಲಿ ಇರೋದರಿಂದ ಅಲ್ಲಿ ಸರ್ಟಿಫಿಕೇಟ್ ಜಗಳ ಇಲ್ಲ, ಆದರೆ ರಿಲೀಸ್ ಫೈಲ್‌ನೊಳಗಿನ ತಾರೀಖು ನೋಡಿ, ಅಪ್‌ಡೇಟ್ ತರುವ ಏಪಿಟಿ ಪ್ರೋಗ್ರಾಮ್ ತಕರಾರು ತೆಗೆಯುತ್ತೆ.

ಬೇಲೂರಿನವ
ಆದರೂ ಒಂದು ಪ್ರಶ್ನೆ ಉಳೀತು. ನೆಟ್ ಇದೆ ಅಂತೀರಿ. ನೆಟ್ ಹತ್ತಿದ ನಿಮಿಷದೊಳಗೆ ಸಮಯ ತಾನಾಗಿ ಸರಿಹೋಗಬೇಕಿತ್ತಲ್ಲ? ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅಂತ ಕೊಡಿ. ಎನ್‌ಟಿಪಿ (ನೆಟ್‌ನಿಂದ ಸಮಯ ತರುವುದು) ಸರ್ವಿಸ್ ಸಾಲಿನ ಮುಂದೆ ಏನಿದೆ?

ತೋಟದಮನೆ
ಇನ್‌ಆಕ್ಟಿವ್.

ಬೇಲೂರಿನವ
ಹಾಗಾದರೆ ಯಾರೋ ಯಾವಾಗಲೋ ಕೈಯಿಂದ ಟೈಮ್ ಸೆಟ್ ಮಾಡಿದ್ದಾರೆ. ಮಿಂಟ್‌ನ 'ಡೇಟ್ ಅಂಡ್ ಟೈಮ್'ನಲ್ಲಿ ನೆಟ್‌ವರ್ಕ್ ಟೈಮ್ ಆಫ್ ಮಾಡದೆ ಕೈಯಿಂದ ಬದಲಿಸೋಕೆ ಬಿಡಲ್ಲ. ಆಮೇಲೆ ಆನ್ ಮಾಡೋದು ಯಾರಿಗೂ ನೆನಪಿರಲ್ಲ. ಅದೇ ಕಿಟಕಿಗೆ ಹೋಗಿ ಮತ್ತೆ ಆನ್ ಮಾಡಿ. ಇಲ್ಲವಾದರೆ ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ.

ಇದೊಂದರಿಂದಲೇ ಇವತ್ತಿನ ಕೆಲಸ ಆಗುತ್ತೆ. ಆದರೆ ಸೆಲ್ ಹಾಕಲೇಬೇಕು, ಕರೆಂಟ್ ಬಂದು ನೆಟ್ ಬರದ ದಿನಗಳೂ ನಿಮ್ಮಲ್ಲಿ ಇರ್ತಾವಲ್ಲ.

ತೆಂಗಿನಕಾಯಿ
ಸೆಲ್ ಕೊಳ್ಳುವಾಗ ಸಿಆರ್2032 ಅಂತ ಕೇಳಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ ಇದೆ. ಅದಿಲ್ಲ ಅಂತ 2025 ಕೊಟ್ಟರೆ ತಗೋಬೇಡಿ. ಅದೂ 3 ವೋಲ್ಟೇ, ಆದರೆ ತೆಳ್ಳಗಿರೋದರಿಂದ ಹಿಡಿಯಲ್ಲಿ ಅಲ್ಲಾಡುತ್ತೆ.

ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಪಕ್ಕದ ಮುಚ್ಚಳ ತೆಗೀರಿ. ಸೆಲ್ ಪಕ್ಕದ ಸ್ಪ್ರಿಂಗ್ ಕೊಂಡಿಯನ್ನು ಉಗುರಲ್ಲಿ ಹೊರಗೆ ತಳ್ಳಿದರೆ ಪುಟಿದು ಬರುತ್ತೆ. ಹೊಸದರ ಪ್ಲಸ್ ಗುರುತು ಮೇಲಕ್ಕೆ. ಬಯೋಸ್‌ನಲ್ಲಿ ಹಾರ್ಡ್‌ಡಿಸ್ಕಿನ ಸಾಟಾ ಮೋಡ್ ಎಎಚ್‌ಸಿಐ ಇದೆಯಾ, ಬೂಟ್ ಕ್ರಮ ಸರಿ ಇದೆಯಾ ಒಮ್ಮೆ ನೋಡಿ, ಸೆಲ್ ಸತ್ತಾಗ ಅವೂ ಅಳಿಸಿಹೋಗಿರಬಹುದು. ಸಮಯವನ್ನು ಅಲ್ಲಿ ಮುಟ್ಟಬೇಡಿ. ಲಿನಕ್ಸ್ ನೆಟ್‌ನಿಂದ ಸಮಯ ತಗೊಂಡಮೇಲೆ ಅದರ ತಿರುಳಾದ ಕರ್ನಲ್ಲೇ 11 ನಿಮಿಷಕ್ಕೊಮ್ಮೆ ಮದರ್‌ಬೋರ್ಡ್ ಗಡಿಯಾರಕ್ಕೆ ಬರೆಯುತ್ತೆ.

ತೋಟದಮನೆ
ಆಯ್ತು! ಮೂಡಿಗೆರೆ ಪೇಟೆಯಲ್ಲೇ ಸೆಲ್ ಸಿಕ್ಕಿತು. ಹಳೇದು ತೆಗೆದಾಗ ಅಡಿಯ ತಗಡಿನ ಮೇಲೆ ಹಸಿರು ಕಿಲುಬು, ನಮ್ಮ ಥಂಡಿಗೆ ಏನೂ ತಪ್ಪಲ್ಲ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ರಾತ್ರಿಯಿಡೀ ಪ್ಲಗ್ ಕಿತ್ತಿಟ್ಟು ಬೆಳಿಗ್ಗೆ ವೈಫೈ ಇಲ್ಲದೆ ಹಾಕಿ ನೋಡಿದೆ, ಸಮಯ ಸರಿ ಇತ್ತು.

ಈಗ ಇನ್ನೊಂದು. ಪ್ರತಿ ಶನಿವಾರ ಪೆನ್‌ಡ್ರೈವಿಗೆ ಆರ್‌ಸಿಂಕ್ (ಫೈಲ್ ನಕಲು ಮಾಡುವ ಕಮಾಂಡ್) ಮಾಡ್ತೀನಿ. ಕಳೆದ ವಾರ ಬರೆದ ಮಳೆ ಲೆಕ್ಕ ಅಲ್ಲಿಗೆ ಹೋಗೇ ಇಲ್ಲ, ಹಳೇ ಫೈಲೇ ಇದೆ. ಎರರ್ ಏನೂ ತೋರಿಸಲಿಲ್ಲ.

ಬೇಲೂರಿನವ
ಕಮಾಂಡ್‌ನಲ್ಲಿ ಯು ಆಯ್ಕೆ ಇದೆಯಾ, ಅಂದರೆ ಅಪ್‌ಡೇಟ್?

ತೋಟದಮನೆ
ಇದೆ. ತಮ್ಮನ ಮಗ ಹಾಕಿಕೊಟ್ಟಿದ್ದು.

ಬೇಲೂರಿನವ
ಅದೇ. ಪೆನ್‌ಡ್ರೈವಿನಲ್ಲಿ ಇರೋದು ಹೊಸ ತಾರೀಖಿನದಾದರೆ ಅದನ್ನು ಮುಟ್ಟಬೇಡ ಅಂತ ಅದರ ಅರ್ಥ. ಗಡಿಯಾರ ಕೆಟ್ಟಿದ್ದಾಗ ನೀವು ಸೇವ್ ಮಾಡಿದ್ದಕ್ಕೆಲ್ಲ 2023ರ ಮೊಹರು ಬಿದ್ದಿದೆ, ಪೆನ್‌ಡ್ರೈವಿನ ಹಳೇ ಪ್ರತಿ ಅದಕ್ಕಿಂತ ಹೊಸದಾಗಿ ಕಾಣುತ್ತೆ. ಫೋಲ್ಡರನ್ನು ತಾರೀಖಿನ ಪ್ರಕಾರ ಜೋಡಿಸಿ, 2023 ಅಂತ ಇರುವ ಹಾಜರಿ, ಬಟವಾಡೆ, ಮಳೆ ಫೈಲುಗಳನ್ನು ತೆರೆದು ನೋಡಿ. ಈಚಿನವು ಅಂತ ಖಾತ್ರಿಯಾದವಕ್ಕೆ ಮಾತ್ರ ಟರ್ಮಿನಲ್‌ನಲ್ಲಿ ಟಚ್ ಅಂತ ಬರೆದು ಪಕ್ಕದಲ್ಲಿ ಫೈಲ್ ಹೆಸರು ಕೊಡಿ, ಇವತ್ತಿನ ತಾರೀಖು ಬೀಳುತ್ತೆ. ಆಮೇಲೆ ಎಂದಿನಂತೆ ಆರ್‌ಸಿಂಕ್.

ತೋಟದಮನೆ
ಮೂರು ಫೈಲ್ ಸಿಕ್ಕವು, ಟಚ್ ಮಾಡಿದೆ, ಮೂರೂ ಹೋದವು. ಪೆನ್‌ಡ್ರೈವಿನಿಂದಲೇ ತೆರೆದು ನೋಡಿದೆ, ಸೋಮವಾರದ ಮಳೆ 4 ಇಂಚು 35 ಸೆಂಟ್ (ಇಂಚಿನ ನೂರನೇ ಭಾಗ) ಅಲ್ಲಿದೆ. ಬಟವಾಡೆ ಶೀಟೂ ಬಂದಿದೆ.