ಮಣಿಕಟ್ಟಿನ ಗಂಟು ಮುಟ್ಟಿದರೆ ಬೆರಳಿಗೆ ಕರೆಂಟ್: ಅನುಭವ ಇದ್ದವರು ತಿಳಿಸಿ

ನವನಗರ ಟೇಲರ್
ಅಣ್ಣಾರೆ, ಅಕ್ಕಾರೆ, ಒಂದು ಸಲಹೆ ಬೇಕಿತ್ತು. ಬಲಗೈ ಮಣಿಕಟ್ಟಿನ ಒಳಬದಿಗೆ ಗಂಟು ಆಗಿದೆ, ಒಂದು ಸೆಂಟಿಮೀಟರ್ ಇರಬಹುದು. ಮಷಿನ್ ಟೇಬಲ್ಲಿನ ಅಂಚು ತಾಗಿದರೆ ಸಾಕು, ಹೆಬ್ಬೆರಳು, ತೋರುಬೆರಳಿಗೆ ಕರೆಂಟ್ ಹೊಡೆಯುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಗ್ಯಾಂಗ್ಲಿಯಾನ್ (ಅಂಟು ದ್ರವ ತುಂಬಿದ ಚೀಲ) ಇರಬಹುದು, ನರದ ಗಡ್ಡೆಯೂ ಇರಬಹುದು ಅಂತ ಬರೆದಿದ್ದಾರೆ. ಒಬ್ಬ ಡಾಕ್ಟರ್ ಸೂಜಿ ಹಾಕಿ ತೆಗೆಯೋಣ ಅಂದರು. ಇನ್ನೊಬ್ಬರು ಎಂಆರ್‌ಐ ಆಗದೆ ಮುಟ್ಟುವುದಿಲ್ಲ ಅಂದರು. ಹೊಲಿಗೆಯಿಂದಲೇ ನಮ್ಮ ಮನೆ ನಡೆಯುವುದು. ಏನು ಮಾಡಲಿ?

ಧಾರವಾಡ ರೊಟ್ಟಿ ಮನೆ
ಸೂಜಿ ಬೇಡವೇ ಬೇಡ ತಂಗಿ. ನನ್ನದು ಮಣಿಕಟ್ಟಿನ ಮೇಲ್ಬದಿಗೆ ಇತ್ತು. ಜೋಳದ ರೊಟ್ಟಿ ಬಡಿದು ಮಾರುವವಳು ನಾನು. ಹಿಟ್ಟು ನಾದಲು ಕೈ ಊರಿದರೆ ಜೀವ ಹೋಗುತ್ತಿತ್ತು. ಡಾಕ್ಟರ್ ಲೈಟ್ ಆರಿಸಿ ಗಂಟಿನ ಬದಿಗೆ ಟಾರ್ಚ್ ಹಿಡಿದರು. ಬೆಳಕು ಆಚೆ ಹಾಯಿತು, ಗಂಟು ಪೂರ್ತಿ ಕೆಂಪಗೆ ಹೊಳೆಯಿತು. ಒಳಗೆ ಗಟ್ಟಿ ಏನಿಲ್ಲ, ಗ್ಯಾಂಗ್ಲಿಯಾನ್ ಅಂದರು. ಸೂಜಿಗೆ 800, ಇಂಜೆಕ್ಷನ್ ಸೇರಿ 1,350. ಬಂದದ್ದು ನೀರಲ್ಲ, ದಪ್ಪ ಸೂಜಿಯಲ್ಲೂ ಒತ್ತಾಯದಿಂದ ಇಳಿಯುವ ತಿಳಿ ಅಂಟು. ಶ್ರಾವಣ ಮುಗಿಯುವುದರೊಳಗೆ ಮತ್ತೆ ಉಬ್ಬಿತು. ಮತ್ತೆ ತೆಗೆಸಿದೆ, ಮತ್ತೆ ಬಂತು. ಆಮೇಲೆ ಹೇಳುತ್ತಾರೆ, ಅದರ ಬೇರು ಕೀಲಿನಲ್ಲಿದೆ, ಬೇರು ತೆಗೆಯದೆ ಚೀಲ ಖಾಲಿ ಮಾಡಿದರೆ ತುಂಬಿಕೊಳ್ಳುವುದೇ ಜಾಸ್ತಿ ಅಂತ. ಈ ಮಾತನ್ನು ಮೊದಲೇ ಹೇಳಬೇಕಿತ್ತು ಅಲ್ವಾ?

ಖರ್ಚು ಬರೆಯುತ್ತೇನೆ, ಯಾರೂ ಸರಿಯಾಗಿ ಹೇಳುವುದಿಲ್ಲ. ಆಪರೇಷನ್ 28,000. ರಕ್ತ ಪರೀಕ್ಷೆ 1,900. ಔಷಧ 3,240. ಬಯಾಪ್ಸಿ 1,100. ಕೈಗೆ ಹಾಕುವ ಪಟ್ಟಿ 650. ನನ್ನ ಬದಲು ರೊಟ್ಟಿ ಬಡಿಯಲು ಇಟ್ಟ ಹೆಣ್ಣಾಳಿಗೆ ದಿನಕ್ಕೆ 400, ಜೊತೆಗೆ ಊಟ. ಮದುವೆ ಸೀಸನ್ನಿನ ಆರ್ಡರ್ ಹೋದದ್ದು ಬೇರೆ. ಇಷ್ಟಾದರೂ ಆಪರೇಷನ್ ಮಾಡಿಸಿಕೊಂಡದ್ದೇ ಸರಿ. ಈಗ ಗಂಟು ಇಲ್ಲ, ದಿನಾ ಕೆಲಸ ಮಾಡುತ್ತೇನೆ.

ಬೆಟಗೇರಿ ಮಗ್ಗದವ
ಇಷ್ಟು ದುಡ್ಡು ಯಾಕೆ ಸುರಿದಿರಿ ಅಕ್ಕಾರೆ? ನನಗೂ ಅದೇ ಜಾಗದಲ್ಲಿ ಆಗಿತ್ತು. ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದೆ. ನೋವಿಲ್ಲದಿದ್ದರೆ ಸುಮ್ನೆ ಬಿಡಿ, ಅರ್ಧದಷ್ಟು ಜನರಿಗೆ ತಾನಾಗಿಯೇ ಹೋಗುತ್ತದೆ ಅಂದರು. ಬಿಟ್ಟೆ. ಮಗ್ಗದ ಕೆಲಸ ಜಾಸ್ತಿ ಆದಾಗ ದೊಡ್ಡದಾಗುತ್ತಿತ್ತು, ಕೆಲಸ ಕಡಿಮೆ ಇದ್ದಾಗ ಇಳಿಯುತ್ತಿತ್ತು. ನಿಧಾನಕ್ಕೆ ಪೂರ್ತಿ ಮಾಯವಾಯಿತು. ಚೀಟಿಯ ದುಡ್ಡು ಬಿಟ್ಟರೆ ಒಂದು ಪೈಸೆ ಖರ್ಚಿಲ್ಲ. ದಪ್ಪ ಪುಸ್ತಕದಿಂದ ಹೊಡೆದು ಒಡೆಸಿಕೊಳ್ಳಿ ಅಂತ ಹಿರಿಯರು ಹೇಳುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ನಮ್ಮ ಓಣಿಯಲ್ಲಿ ಒಬ್ಬನ ಎಲುಬು ಬಿರುಕು ಬಿಟ್ಟಿದೆ.

ಹಾವೇರಿ ಮಾಸ್ತರ
ನಿಮ್ಮಿಬ್ಬರದೂ ಕೀಲಿನ ಗಂಟು. ಕರೆಂಟ್ ಹೊಡೆಯುವ ಗಂಟಿಗೆ ಆ ಲೆಕ್ಕ ಹಚ್ಚಬೇಡಿ. ನನ್ನ ಎಡಗೈಯ ಮೀಡಿಯನ್ ನರಕ್ಕೆ (ಮಣಿಕಟ್ಟಿನ ನಡುವೆ ಹಾದು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋಗುವ ನರ) ಆದದ್ದು ಶ್ವಾನೋಮಾ, ಅಂದರೆ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ. ಬೆರಳಿನಿಂದ ದೂಡಿದರೆ ಅಡ್ಡಕ್ಕೆ ಜರುಗುತ್ತಿತ್ತು, ಉದ್ದಕ್ಕೆ ಜರುಗುತ್ತಿರಲಿಲ್ಲ. ಮೇಲೆ ತಟ್ಟಿದರೆ ನಡುಬೆರಳಿನ ತನಕ ಜುಮ್ ಅನ್ನುತ್ತಿತ್ತು. ನರದ ಗಡ್ಡೆಯ ಇಷ್ಟು ಲಕ್ಷಣ ಇದ್ದರೂ ಒಬ್ಬರು ಗ್ಯಾಂಗ್ಲಿಯಾನ್ ಅಂತ ಸೂಜಿ ಚುಚ್ಚಿದರು. ಆ ನೋವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಸಿರಿಂಜಿಗೆ ಒಂದು ಹನಿ ಬರಲಿಲ್ಲ. ಗಟ್ಟಿ ಗಡ್ಡೆಯಿಂದ ಏನು ಬರಬೇಕು?

ಆಮೇಲೆ ಹುಬ್ಬಳ್ಳಿಗೆ ಹೋದೆ. ಎಂಆರ್‌ಐ 7,500, ಕಾಂಟ್ರಾಸ್ಟ್‌ಗೆ, ಅಂದರೆ ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಕ್ಕೆ, ಮೇಲೆ 2,000. ನರದ ಪರೀಕ್ಷೆ 2,200. ಆಪರೇಷನ್ 62,000. ಕಾರು ಬಾಡಿಗೆ ಪ್ರತಿ ಸಲ 3,200, ಟೋಲ್ ಬೇರೆ. ತೋಳಿಗೆ ಪಟ್ಟಿ ಬಿಗಿದು ರಕ್ತ ತಡೆದು, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ನರದ ಎಳೆಗಳನ್ನು ಬದಿಗೆ ಸರಿಸಿದರು. ಹಸಿ ಶೇಂಗಾದ ಸಿಪ್ಪೆಯಿಂದ ಕಾಳು ಬಿಡಿಸಿದ ಹಾಗೆ ಗಡ್ಡೆ ಮಾತ್ರ ಹೊರಗೆ ಬಂತು, ನರ ಉಳಿಯಿತು. ಬಯಾಪ್ಸಿ ಬಾಟಲಿಯನ್ನು ನನ್ನ ಕೈಗೇ ಕೊಟ್ಟು ಲ್ಯಾಬಿಗೆ ಮುಟ್ಟಿಸಿ ಅಂದರು. ಫಾರ್ಮಾಲಿನ್ನಿನಲ್ಲಿ ಹಳದಿ ಬಣ್ಣದ ನುಣುಪಾದ ಗುಂಡು. ಆಟೋದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಗಡ್ಡೆ ನರದ ಹೊದಿಕೆಯದೇ ಎಂದು ತಿಳಿಯುವ ಎಸ್-100 ಪರೀಕ್ಷೆಗೆ ಮತ್ತೆ 1,800 ಕಟ್ಟಿಸಿಕೊಂಡರು. ಕ್ಯಾನ್ಸರ್ ಅಲ್ಲ ಅಂತ ಬರುವವರೆಗೂ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತೋರುಬೆರಳ ತುದಿಯ ಜೋಮು ಹೋಗಲು ಬಹಳ ತಿಂಗಳು ಹಿಡಿಯಿತು. ಸೂಜಿ ಚುಚ್ಚದಿದ್ದರೆ ಅಷ್ಟು ಜೋಮು ಬರುತ್ತಿರಲಿಲ್ಲ ಅಂತಲೇ ನಾನು ಈಗಲೂ ನಂಬಿದ್ದೇನೆ.

ಧಾರವಾಡ ರೊಟ್ಟಿ ಮನೆ
ಮಾಸ್ತರರೇ, ಸೂಜಿ ಬೇಡ ಅಂತ ನಾನೂ ಹೇಳಿದ್ದು. ಕೀಲಿನ ಗಂಟು ಅಂದರೆ ಸಣ್ಣ ವಿಷಯ ಅನ್ನೋ ಹಾಗೆ ಬರೆಯಬೇಡಿ. ನಿಮಗೆ ತಿಂಗಳಿಗೆ ಪೆನ್ಷನ್ ಬರುತ್ತದೆ, ನನಗೆ ಕೈ ನಿಂತರೆ ಒಲೆ ನಿಲ್ಲುತ್ತದೆ.

ಹಾವೇರಿ ಮಾಸ್ತರ
ನನ್ನ ಪೆನ್ಷನ್ ಇಲ್ಲಿ ಯಾಕೆ ಬಂತು ಅಕ್ಕಾರೆ? ಮೂವತ್ತು ವರ್ಷ ದುಡಿದು ತೆಗೆದುಕೊಳ್ಳುತ್ತಿದ್ದೇನೆ.

ಶಿಗ್ಗಾವಿ ವೈರ್‌ಮನ್
ಸುಮ್ನೆ ಬಿಡಿ ಅನ್ನುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ನನಗೆ ಹೊರಗೆ ಗಂಟೇ ಕಾಣುತ್ತಿರಲಿಲ್ಲ. ನೋವಿಲ್ಲ, ಜೋಮಿಲ್ಲ. ಸ್ಕ್ರೂ ಬಿಗಿ ಮಾಡುವಾಗ ಕೈಯಲ್ಲಿ ಬಲ ಸಾಲದು, ಅಷ್ಟೇ. ಕುತ್ತಿಗೆ ಎಲುಬು ಸವೆದಿದೆ ಅಂತ ಒಬ್ಬರು ಕುತ್ತಿಗೆಯದೇ ಎಂಆರ್‌ಐ ಮಾಡಿಸಿದರು, 6,800. ಕುತ್ತಿಗೆ ಪಟ್ಟಿ 900. ಫಿಸಿಯೋ ಒಂದು ಸಲಕ್ಕೆ 350, ಅದು ಎಷ್ಟು ಸಲ ಆಯಿತೋ. ಅಷ್ಟರಲ್ಲಿ ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಕರಗಿ ಹಿಂಬದಿಗೆ ಗುಣಿ ಬಿತ್ತು. ನರದ ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು, ತೊಂದರೆ ಮಣಿಕಟ್ಟಿನಲ್ಲಿ, ಕಿರುಬೆರಳಿನ ಬದಿಯಿಂದ ಅಂಗೈಗೆ ಬರುವ ಅಲ್ನಾರ್ ನರದ ಆಳದ ಕವಲಿನಲ್ಲಿ. ಆ ಕವಲು ಮಾಂಸಖಂಡಕ್ಕೆ ಹೋಗುತ್ತದೆ, ಚರ್ಮಕ್ಕೆ ಹೋಗುವುದಿಲ್ಲ. ಜೋಮು ಎಲ್ಲಿಂದ ಬರಬೇಕು? ಒಳಗೆ ಕೂತಿದ್ದ ಗ್ಯಾಂಗ್ಲಿಯಾನ್ ಅದನ್ನು ಒತ್ತುತ್ತಿತ್ತು. ತೆಗೆಸಿದೆ. ನರ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಂತೆ. ಬಲ ಬಂದಿದೆ, ಗುಣಿ ಪೂರ್ತಿ ತುಂಬಿಲ್ಲ.

ಬೆಟಗೇರಿ ಮಗ್ಗದವ
ನೋವಿಲ್ಲದಿದ್ದರೆ ಅಂತ ನಾನು ಬರೆದಿದ್ದೇನೆ. ಓದಿ ಮಾತಾಡಿ ಅಣ್ಣಾರೆ.

ಶಿಗ್ಗಾವಿ ವೈರ್‌ಮನ್
ನನಗೂ ನೋವಿರಲಿಲ್ಲ! ಅದನ್ನೇ ಹೇಳುತ್ತಿದ್ದೇನೆ. ಬಲ ನೋಡಬೇಕು, ಬೆರಳು ಅಗಲಿಸಲು ಬರುತ್ತದಾ ನೋಡಬೇಕು. ಬರೀ ನೋವು ಕೇಳಿದರೆ ಸಾಲದು.

ನವನಗರ ಟೇಲರ್
ಎಂಆರ್‌ಐ ಬರೆಸಿಕೊಂಡು ಬಂದೆ. ಕಾಂಟ್ರಾಸ್ಟ್ ಬೇಕೇ ಬೇಕಾ ಮಾಸ್ತರರೇ?

ಹಾವೇರಿ ಮಾಸ್ತರ
ನನಗೆ ಹಾಕಿದ್ದರು ತಂಗಿ. ದ್ರವ ತುಂಬಿದ ಗಂಟಾದರೆ ಅಂಚು ಮಾತ್ರ ಹೊಳೆಯುತ್ತದೆ, ಗಟ್ಟಿ ಗಡ್ಡೆಯಾದರೆ ಒಳಗೂ ಹೊಳೆಯುತ್ತದೆ ಅಂತ ಫಿಲ್ಮ್ ಹಿಡಿದು ತೋರಿಸಿದರು. ನಿಮ್ಮ ಡಾಕ್ಟರನ್ನೇ ಕೇಳಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಸಿಡಿ ಕೇಳಿ ಪಡೆಯಿರಿ, ನನಗೆ ಕೊಡದೆ ಕಳಿಸಿದ್ದರು, ಅದಕ್ಕಾಗಿ ಮತ್ತೆ 3,200 ಬಾಡಿಗೆ.

ಬೆಟಗೇರಿ ಮಗ್ಗದವ
ಬಸ್ಸಿಗೆ ಹೋಗಿದ್ದರೆ ಮುಗಿಯುತ್ತಿತ್ತು. ತಂಗಿ, ಬಿಪಿಎಲ್ ಕಾರ್ಡ್ ಇದ್ದರೆ ಸರಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಮೊದಲು ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆ ಕಿಮ್ಸ್‌ನಲ್ಲಿ ತೋರಿಸಿ. ಇವರೆಲ್ಲ ನೇರ ಖಾಸಗಿಗೆ ಹೋಗಿ ಕಳೆದುಕೊಂಡು ಇಲ್ಲಿ ಲೆಕ್ಕ ಬರೆಯುತ್ತಿದ್ದಾರೆ.

ಹಾವೇರಿ ಮಾಸ್ತರ
ಎಪಿಎಲ್‌ನವರಿಗೆ ಯೋಜನೆಯ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರಕಾರ ಕೊಡುವುದು, ಅದೂ ವರ್ಷಕ್ಕೆ 1.5 ಲಕ್ಷದೊಳಗೆ. ತಿಳಿಯದೆ ಕಳೆದುಕೊಂಡರು ಅನ್ನಬೇಡಿ.

ಧಾರವಾಡ ರೊಟ್ಟಿ ಮನೆ
ಸಹಕಾರಿ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿ ಅಂತ ನಮ್ಮ ಸೊಸೈಟಿಯವರು ಹೇಳಿದ್ದರು. ನೋಂದಣಿ ಶುರುವಾದದ್ದನ್ನು ಯಾರೂ ತಿಳಿಸಲಿಲ್ಲ, ಕೇಳಲು ಹೋದಾಗ ಅವಧಿ ಮುಗಿದಿತ್ತು. ಇದಕ್ಕೆ ಏನನ್ನುತ್ತೀರಿ ಮಗ್ಗದ ಅಣ್ಣಾರೆ? ನಾನು ಬೇಕಂತಲೇ ಖಾಸಗಿಗೆ ಹೋದೆನಾ?

ಬೆಟಗೇರಿ ಮಗ್ಗದವ
ಸೊಸೈಟಿಯವರನ್ನು ಕೇಳಿ, ನನ್ನನ್ನಲ್ಲ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಖಾಸಗಿಯಲ್ಲಿ ಕಾರ್ಡ್ ತೋರಿಸಿದರೆ ತುರ್ತು ಕೇಸ್ ಬಿಟ್ಟು ಯಾರಿಗೂ ಆಗುವುದಿಲ್ಲ. ಅದನ್ನೂ ಬರೆಯಿರಿ.

ಧಾರವಾಡ ರೊಟ್ಟಿ ಮನೆ
ನೀವೇ ಬರೆದಿರಲ್ಲ, ಸಾಕು.