ಸಹಾಯ ಬೇಕು: ವಿಶೇಷ ಅನುಭವ ಇಲ್ಲದೆ ಹೊರದೇಶದಲ್ಲಿ ಸ್ವಯಂಸೇವೆ

ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಒಂದೆರಡು ತಿಂಗಳು ಸ್ವಯಂಸೇವೆ ಮಾಡಬೇಕು ಅಂತ ತುಂಬಾ ಆಸೆ. ನಾನು ಡಾಕ್ಟರೂ ಅಲ್ಲ, ಟೀಚರೂ ಅಲ್ಲ. ಆದರೆ ಮೈಬಗ್ಗಿಸಿ ದುಡಿಯಬಲ್ಲೆ. 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೂಫ್ (WWOOF, ಸಾವಯವ ತೋಟದವರನ್ನೂ ಸ್ವಯಂಸೇವಕರನ್ನೂ ಜೋಡಿಸುವ ಜಾಲ) ನನಗೆ ಹಿಡಿಸಿದೆ. ಸಾವಯವ ತೋಟದಲ್ಲಿ ಕಳೆ ಕೀಳುವುದು, ಗೊಬ್ಬರ ಹಾಕುವುದು, ಹಣ್ಣು ಕೊಯ್ಯುವುದು. ಬದಲಿಗೆ ಊಟ, ವಸತಿ. ಅನಾಥಾಶ್ರಮದ ಕೆಲಸ ಮಾತ್ರ ಬೇಡ. ಮಕ್ಕಳು ಹಚ್ಚಿಕೊಳ್ಳುವಷ್ಟರಲ್ಲಿ ನಾವು ಹೊರಟುಬಿಡುತ್ತೇವೆ, ಅದು ಸರಿಯಲ್ಲ ಅಲ್ವಾ?

ದೊಡ್ಡ ಚಿಂತೆ ವೀಸಾದ್ದು. ಸಂಬಳ ಇಲ್ಲದಿದ್ದರೂ, ಊಟ-ವಸತಿಗಾಗಿ ಮಾಡುವುದನ್ನು ಎಷ್ಟೋ ದೇಶಗಳು ಕೆಲಸ ಅಂತಲೇ ಲೆಕ್ಕ ಹಾಕುತ್ತವೆ. ಟೂರಿಸ್ಟ್ ವೀಸಾದಲ್ಲಿ ಹೋದರೆ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಬಹುದು. ಹೋಗಿಬಂದವರು ದಯವಿಟ್ಟು ಹೇಳಿ: ಯಾವ ವೀಸಾ ತೆಗೆದುಕೊಂಡಿರಿ? ತೋಟದವರಿಂದ ಪತ್ರ ಬೇಕಾಯಿತಾ? ಅವರು ಎಂಥವರು ಅಂತ ಮೊದಲೇ ಹೇಗೆ ತಿಳಿದುಕೊಂಡಿರಿ?