ಅಪ್‌ಡೇಟ್: ಅಮ್ಮನ ಪೊರೆ ಶಸ್ತ್ರಚಿಕಿತ್ಸೆ ಸದ್ಯಕ್ಕೆ ಮುಂದಕ್ಕೆ

ಮುಂಬೈ ಬಳಿಯ ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ಹತ್ತೇ ನಿಮಿಷ ನೋಡಿ ಅಮ್ಮನ ಕಣ್ಣಿನ ಪೊರೆ ತೆಗೆಯಲು ದಿನ ಗೊತ್ತುಮಾಡಿದ್ದಾರೆ, ಇನ್ನೊಬ್ಬರಿಗೆ ತೋರಿಸಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ತೋರಿಸಿ ಎಂದವರಿಗೆಲ್ಲ ಮನಃಪೂರ್ವಕ ಕೃತಜ್ಞತೆಗಳು.

ಮೊನ್ನೆ ಲೋಕಲ್ ರೈಲು ಹಿಡಿದು ಮಾಟುಂಗಾದ ನೇತ್ರತಜ್ಞೆಯೊಬ್ಬರ ಬಳಿ ಹೋದೆವು. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?" ಎಂಬುದೇ ಅವರ ಮೊದಲ ಪ್ರಶ್ನೆ. 14 ವರ್ಷ. ಹಿಂದಿನ ಆಸ್ಪತ್ರೆಯಲ್ಲಿ ಯಾರೂ ಇದನ್ನು ಕೇಳಿರಲೇ ಇಲ್ಲ! ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ಅಕ್ಷಿಪಟಲ (ಕಣ್ಣಿನ ಹಿಂಭಾಗದ ರೆಟಿನಾ ಪದರ) ನೋಡಿದರು; ಆಮೇಲೆ ಆ ಪದರದ ಅಡ್ಡಸೀಳು ಚಿತ್ರ ತೋರಿಸುವ ಓಸಿಟಿ ಸ್ಕ್ಯಾನ್. ತೆರೆಯ ಮೇಲೆ, ನಡುವೆ ತಗ್ಗು ಇರಬೇಕಾದ ಜಾಗ ಬಲಗಣ್ಣಿನಲ್ಲಿ ಪೂರಿಯಂತೆ ಉಬ್ಬಿತ್ತು, ಒಳಗೆ ಕಪ್ಪು ಗುಳ್ಳೆಗಳು. ಅಷ್ಟೂ ಸಕ್ಕರೆ ಕಾಯಿಲೆಯಿಂದ ಸೋರಿ ತುಂಬಿದ ದ್ರವ. ಹಾಗೆಯೇ ಪೊರೆ ತೆಗೆಸಿದ್ದರೆ ದೃಷ್ಟಿ ಮಂಜಾಗಿಯೇ ಉಳಿಯುತ್ತಿತ್ತು, ಊತ ಹೆಚ್ಚುವ ಸಾಧ್ಯತೆಯೂ ಇತ್ತಂತೆ. ನನಗೆ ಎದೆ ಧಸಕ್ಕೆಂದಿತು.

ಈಗ ಮೊದಲು ಕಣ್ಣಿಗೆ ಇಂಜೆಕ್ಷನ್, ಊತ ಇಳಿದ ಮೇಲೆ ಶಸ್ತ್ರಚಿಕಿತ್ಸೆ. ಕಣ್ಣು ಒಣಗಿದ್ದರೆ ಅಳತೆ ತಪ್ಪಬಹುದಾದ್ದರಿಂದ, ಪೊರೆ ತೆಗೆದು ಕಣ್ಣೊಳಗೆ ಇಡುವ ಲೆನ್ಸ್‌ನ ಪವರ್‌ಗಾಗಿ ತೆಗೆದ ಅಳತೆಯನ್ನೂ ಮತ್ತೊಮ್ಮೆ ತೆಗೆಯುತ್ತಾರೆ.

ಮರಳುವಾಗ ಬಿಸಿಲಿಗೆ ಸೆರಗು ಅಡ್ಡ ಹಿಡಿದು ಅಮ್ಮ ಎಂದರು: "ಇಷ್ಟು ಹೊತ್ತು ನನ್ನ ಕಣ್ಣನ್ನು ಯಾರೂ ನೋಡಿರಲಿಲ್ಲ."